ಹಲಸಿನ ಹುಡಿ

ಎಲ್ಲ ಸಂದುಗಳನ್ನೂ ಮುಚ್ಚಿದ ಮೇಲೂ ಹುಡಿ ಹೊರಗೆ ಬಂದಿತ್ತು. ಮುರಳೀಧರ ಬೆಳಿಗ್ಗೆ ಎದ್ದವನೇ, ಹಲ್ಲುಜ್ಜುವ ಮುಂಚೆ, ಊಟದ ಮೇಜಿನ ಗಾಜಿನ ಮೇಲೆ ಬೆರಳೆಳೆದು ನೋಡಿದ. ತುದಿ ಹಳದಿಯಾಯಿತು. ದೆಹಲಿಯ ಧೂಳು ಬೂದುಬಣ್ಣದ್ದು, ಅದು ಎಲ್ಲರ ಮನೆಯಲ್ಲೂ ಇರುತ್ತದೆ, ಅದಕ್ಕೆ ಯಾರೂ ಹೊಣೆಯಲ್ಲ. ಇದು ಹಲಸಿನ ಮರದ ಹಳದಿ, ಇದಕ್ಕೆ ಅವನೊಬ್ಬನೇ ಹೊಣೆ. ನಿನ್ನೆ ಬಾಲ್ಕನಿಯ ಬಾಗಿಲ ಬುಡಕ್ಕೆ ಒದ್ದೆ ಟವೆಲು ಒತ್ತಿ, ಅಂಚಿಗೆಲ್ಲ ಕಂದು ಟೇಪು ಅಂಟಿಸಿ ಮಲಗಿದ್ದ. ಅಷ್ಟಾದರೂ ಹೇಗೆ ಬಂತು ಎಂದು ಲುಂಗಿಯ ಅಂಚಿನಿಂದ ಮೇಜು ಒರೆಸುತ್ತಾ ಯೋಚಿಸಿದ. ಹೆಂಡತಿ ಪ್ರಫುಲ್ಲಾ ನೋಡುವ ಮುಂಚೆ ಒರೆಸಬೇಕಿತ್ತು. ಅವಳು ಬೈಯುವವಳಲ್ಲ; ಒಮ್ಮೆ ಮೇಜನ್ನೂ ಒಮ್ಮೆ ಅವನನ್ನೂ ನೋಡಿ ಅಡುಗೆಮನೆಗೆ ಹೋಗುವವಳು, ಬೈದಿದ್ದರೇ ವಾಸಿಯಿತ್ತು ಅನ್ನಿಸುವ ಹಾಗೆ. ಇವತ್ತು ಭಾನುವಾರ, ಹನ್ನೊಂದೂವರೆಗೆ ಪ್ರಣೀತಾ ಬರುತ್ತೇನೆಂದಿದ್ದಳು. ಅಷ್ಟರೊಳಗೆ ಬಾಲ್ಕನಿಯಲ್ಲಿ ಕೆತ್ತುತ್ತಿದ್ದ ಫೋಟೋದ ಚೌಕಟ್ಟು ಮುಗಿಯಬೇಕು, ಮನೆ ಒರೆಸಿರಬೇಕು, ಮತ್ತು ಅವಳಿಗೆ ಹೇಳಲೇಬೇಕಾದ ಒಂದು ಮಾತಿಗೆ ಅವನು ಧೈರ್ಯ ಮಾಡಿಕೊಂಡಿರಬೇಕು.

ಪ್ರಣೀತಾ ಚನಿಯನ ಮಗಳು. ಚನಿಯ ಸರೋಜಿನಿ ನಗರದ ಮುರಳೀಧರನ ಹೋಟೆಲಿನಲ್ಲಿ ಹತ್ತೊಂಬತ್ತು ವರ್ಷ ಸಾಂಬಾರು ಹುಡಿ ಮಾಡಿದವನು. ಹಿಂದುಗಡೆಯ ಸಣ್ಣ ಕೋಣೆಯಲ್ಲಿ ಒಂದು ಗಿರಣಿ, ಅದರ ಬಾಯಿಗೆ ಹುರಿದ ಮೆಣಸು, ಕೊತ್ತಂಬರಿ, ಮೆಂತೆ ಸುರಿಯುತ್ತಾ ಬೆಳಗಿನಿಂದ ಮೂರು ಗಂಟೆಯವರೆಗೆ ಕೂರುವುದು ಅವನ ಕೆಲಸ. ಊರಿಂದ ಬರುವಾಗ ಒಂದು ಹಲಸಿನ ಮಣೆಯನ್ನು ಕಂಕುಳಲ್ಲಿಟ್ಟುಕೊಂಡೇ ರೈಲಿಳಿದಿದ್ದ, ಕೂರುವುದಕ್ಕೆ ತನ್ನದೇ ಬೇಕು ಎಂದು. ಅಡುಗೆಮನೆಯೊಳಗೆ ಅವನು ಬೇಡ ಎಂದವರು ಅಡುಗೆಯ ಭಟ್ಟರು. ಯಾಕೆಂದು ಯಾರೂ ಕೇಳಲಿಲ್ಲ. ಊರಿನವರಿಗೆ ಚನಿಯ ಎಂಬ ಹೆಸರು ಕೇಳಿದರೆ ಉಳಿದದ್ದೆಲ್ಲ ತಿಳಿಯುತ್ತದೆ. ಭಟ್ಟರು ಬೇಡ ಎಂದರು, ಮುರಳೀಧರ ಆಯಿತು ಎಂದ, ಚನಿಯ ಮಣೆ ಎತ್ತಿಕೊಂಡು ಹಿಂದಿನ ಕೋಣೆಗೆ ಹೋದ. ಒಂದು ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಮುಗಿದ ವಿಷಯ. ಆ ಕೋಣೆಗೆ ಒಂದೇ ಕಿಟಕಿ, ತಲೆಗಿಂತ ಎತ್ತರದಲ್ಲಿ, ಹಿಂದಿನ ಗಲ್ಲಿಗೆ ತೆರೆಯುವಂಥದು. ಗಲ್ಲಿಯ ಬಟ್ಟೆಯಂಗಡಿಯವನು ಒಂದು ಮಧ್ಯಾಹ್ನ ಬಿಳಿ ಕುರ್ತಿಯೊಂದನ್ನು ತಂದು ಕೌಂಟರಿನ ಮೇಲೆ ಹರಡಿ, “ಸೂಂಘ್‌ಕೇ ದೇಖೋ ಜೀ, ಪೂರಾ ಸಾಂಬಾರ್” ಎಂದಿದ್ದ. ಮುರಳೀಧರ ಮೂಸಿ ನೋಡಿದ. ತನ್ನದೇ ಹೋಟೆಲಿನ ವಾಸನೆ. ಒಂದು ಕ್ಷಣ ಹೆಮ್ಮೆಯೂ ಆಗಿತ್ತು. “ಹೋ ಜಾಯೇಗಾ”, ಸರಿಯಾಗುತ್ತದೆ, ಎಂದ. ಸಂಜೆಯೊಳಗೆ ಕಿಟಕಿಗೆ ಪ್ಲೈವುಡ್ ಬಡಿದಾಗಿತ್ತು. ಅದಾದ ಮೇಲೆ ಎಂಟು ವರ್ಷ ಚನಿಯ ಅಲ್ಲಿ ಕೂತ, ಕೆಮ್ಮಿದ, ಊರಿಗೆ ಹೋದ, ಸತ್ತ. “ಬೀಡಿ ಸೇದ್ತಿದ್ದ, ಮತ್ತೇನಾಗ್ತದೆ” ಎಂದು ಭಟ್ಟರು ಹೇಳಿದರು. ಚನಿಯನ ಬಾಯಲ್ಲಿ ಬೀಡಿಯನ್ನು ಮುರಳೀಧರ ಒಂದು ಸಲವೂ ಕಂಡವನಲ್ಲ. ಆದರೂ ಹೂಂ ಎಂದಿದ್ದ.

ಆ ಮೊಳೆಗಳು ಅವನಿಗೆ ಒಂದೊಂದಾಗಿ ನೆನಪಿವೆ. ಒಟ್ಟು ಹತ್ತು. ಐದನೆಯದು ಅರ್ಧಕ್ಕೆ ಹೋಗಿ ಸೊಟ್ಟಗಾಯಿತು, ಅದನ್ನು ಹಾಗೇ ಮಡಚಿ ಬಡಿದದ್ದಾಯಿತು. ಪ್ಲೈವುಡ್ಡು ಮೇಲೇರುತ್ತಿದ್ದ ಹಾಗೆ ಬೆಳಕಿನ ಚೌಕ ಕಿರಿದಾಗುತ್ತಾ ಹೋಗಿ ಒಂದು ಗೆರೆಯಾಗಿ, ಗೆರೆಯೂ ಹೋಯಿತು. ನೆನಪಿನಲ್ಲಿ ಅವನು ಯಾವಾಗಲೂ ಕತ್ತೆತ್ತಿ ಆ ಗೆರೆಯನ್ನು ನೋಡುತ್ತಿರುತ್ತಾನೆ, ಅವನ ಬಲಗೈಯಲ್ಲಿ ಸುತ್ತಿಗೆ ಇರುತ್ತದೆ, ಪೆಟ್ಟು ಮೊಣಕೈವರೆಗೂ ಹತ್ತುತ್ತದೆ. ಚನಿಯ ಸತ್ತ ಸುದ್ದಿ ಬಂದಾಗಿನಿಂದ ಈ ನಾಲ್ಕು ವರ್ಷ ಆ ಪೆಟ್ಟು ಯಾವ ಹೊತ್ತಿಗಾದರೂ ಬೀಳುತ್ತದೆ. ಮೆಟ್ರೋದಲ್ಲಿ ಬಾಗಿಲು ಮುಚ್ಚಿಕೊಳ್ಳುವಾಗ, ಪ್ರಫುಲ್ಲಾ ಡಬ್ಬದ ಮುಚ್ಚಳ ಒತ್ತುವಾಗ. ಕಿಟಕಿಗೆ ಮೊಳೆ ಹೊಡೆದದ್ದು ನಾನು. ಈ ಒಂದು ವಾಕ್ಯವನ್ನು ಅವನು ಎಷ್ಟು ಸಲ ಹೇಳಿಕೊಂಡಿದ್ದನೆಂದರೆ, ಅದಕ್ಕೊಂದು ನಯ ಬಂದುಬಿಟ್ಟಿತ್ತು. ಹೇಳಿಕೊಂಡಾಗ ಎದೆ ಹಗುರಾಗುತ್ತಿತ್ತು ಎಂಬುದೂ ನಿಜ, ಅದಕ್ಕೆ ಅವನಿಗೆ ನಾಚಿಕೆಯೂ ಆಗುತ್ತಿತ್ತು.

ಮರ ಕೆತ್ತುವ ಮೆಷೀನು ಮಗಳು ನಿರೀಕ್ಷಾ ತರಿಸಿದ್ದು. ನೇಮ್‌ಪ್ಲೇಟು ಕೆತ್ತಿ ಆನ್‌ಲೈನಿನಲ್ಲಿ ಮಾರುತ್ತೇನೆಂದು ಹುರುಪಿನಿಂದ ತರಿಸಿ, ಹನ್ನೆರಡು ನೇಮ್‌ಪ್ಲೇಟಿಗೆ ಬೇಸತ್ತು ಕೈತೊಳೆದುಕೊಂಡಳು. ಹೋಟೆಲು ಬೇರೆಯವರಿಗೆ ಬಿಟ್ಟುಕೊಟ್ಟು ಪೀತಮ್‌ಪುರದ ಎರಡನೇ ಮಹಡಿಯಲ್ಲಿ ಪೇಪರು ಓದುತ್ತಾ ಕೂತಿದ್ದ ಅಪ್ಪನಿಗೆ ಅದು ಹತ್ತಿಕೊಂಡಿತು. ಕಂಪ್ಯೂಟರಿನಲ್ಲಿ ಚಿತ್ರ ಕೊಟ್ಟರೆ ಸಾಕು, ಸಣ್ಣ ಮೂತಿಯೊಂದು ಗಿರಗಿರ ತಿರುಗುತ್ತಾ ಹಲಗೆಯ ಮೇಲೆ ಹೋಗಿ ಬಂದು ತಾನೇ ಕೆತ್ತುತ್ತದೆ. ಕೆತ್ತುವುದು ಅದರ ಕೆಲಸ, ಹುಡಿ ಹಿಡಿಯುವುದು ಇವನ ಕೆಲಸ. ಮೊದಲ ವಾರವೇ ಕೆಳಗಿನ ಮನೆಯ ಭಾಟಿಯಾ ಆಂಟಿ ಒಣಹಾಕಿದ ಬಿಳಿ ದುಪಟ್ಟಾ ಹಿಡಿದುಕೊಂಡು ಮೇಲೆ ಬಂದಿದ್ದರು. “ಭಾಯ್‌ಸಾಬ್, ಯೇ ಕ್ಯಾ ಹೋಳಿ ಖೇಲ್ ರಹೇ ಹೋ?” ದುಪಟ್ಟಾ ನೋಡಿದ್ದೇ ಅವನಿಗೆ ಆ ಬಿಳಿ ಕುರ್ತಿ ಕಣ್ಣಿಗೆ ಕಟ್ಟಿತು. ಎರಡನೆಯ ಸಲವೂ ಅದೇ ಮಾತು ಬಾಯಿಗೆ ಬಂತು: ಹೋ ಜಾಯೇಗಾ ಜೀ. ಅವತ್ತಿನಿಂದ ಅವನಿಗೆ ಬೇರೆ ಯೋಚನೆಯಿಲ್ಲ. ಮೆಷೀನಿನ ಸುತ್ತ ಪ್ಲೈವುಡ್ಡಿನ ಪೆಟ್ಟಿಗೆ ಕಟ್ಟಿದ, ಮುಂದಕ್ಕೆ ಅಕ್ರಿಲಿಕ್ ಬಾಗಿಲು. ಮೂತಿಗೆ ಬ್ರಷ್ಷಿನ ಕುಚ್ಚು ಸುತ್ತಿದ, ಹುಡಿ ಸಿಡಿಯದ ಹಾಗೆ. ಅಲ್ಲಿಂದೊಂದು ಕೊಳವೆ ವ್ಯಾಕ್ಯೂಮಿಗೆ, ನಡುವೆ ಹೋಟೆಲಿನ ಹಳೆಯ ಎಣ್ಣೆ ಬಕೆಟ್ಟು. ಗಾಳಿ ಅದರೊಳಗೆ ಸುಳಿ ತಿರುಗುವಾಗ ದಪ್ಪ ಹುಡಿ ತಳದಲ್ಲಿ ಕೂರುತ್ತದೆ. ಪ್ಲಾಸ್ಟಿಕ್ ಕೊಳವೆಯಲ್ಲಿ ಹುಡಿ ಉಜ್ಜಿ ಉಜ್ಜಿ ಕರೆಂಟು ಹುಟ್ಟಿ, ಪಕ್ಕದಲ್ಲಿ ನಿಂತರೆ ಯಾರೋ ಹತ್ತಿರ ಬಂದ ಹಾಗೆ ತೋಳಿನ ರೋಮ ಎದ್ದು ನಿಲ್ಲುತ್ತಿತ್ತು. ಅದಕ್ಕೆ ತಾಮ್ರದ ತಂತಿ ಸುತ್ತಿ ನೆಲಕ್ಕೆ ಇಳಿಸಿದ. ರೋಮ ಏಳುವುದು ನಿಲ್ಲಲಿಲ್ಲ. ಕೊನೆಗೆ ಬಾಲ್ಕನಿಯ ಸರಿಯುವ ಕಿಟಕಿಗಳನ್ನೇ ಎಳೆದು ಮುಚ್ಚಿ, ಸಂದಿಗೆಲ್ಲ ಸಿಲಿಕಾನ್ ತುಂಬಿ, ಚೌಕಟ್ಟಿಗೆ ಹದಿನಾರು ಸ್ಕ್ರೂ ತಿರುಗಿಸಿದ. ಒಂದೊಂದನ್ನೂ ಮೂಲೆಮಟ್ಟ ಇಟ್ಟು ನೋಡಿ ತಿರುಗಿಸಿದ್ದು. ಆಂಟಿ ಮತ್ತೆ ಬರಲಿಲ್ಲ.

“ಪಪ್ಪಾ, ಇದ್ನ ನೋಡಿ” ಎಂದು ನಿರೀಕ್ಷಾ ಗಾಳಿ ಅಳೆಯುವ ಪುಟ್ಟ ಮೀಟರನ್ನು ಅವನ ಮೂಗಿನ ಹತ್ತಿರ ಹಿಡಿದಳು. “ಬಾಹರ್ ಇನ್ನೂರ ಹನ್ನೆರಡು. ನಮ್ಮ ಹಾಲ್‌ನಲ್ಲಿ ಮುನ್ನೂರ ನಲ್ವತ್ತು. ದೀಪಾವಳಿಗೆ ಇನ್ನೂ ಒಂದು ವಾರ ಇದೆ, ಆಗ್ಲೇ ನಾವು ಪಟಾಕಿ ಹೊಡೆದ ಹಾಗಾಯ್ತು.”

“ಸರಿ ಮಾಡ್ತೇನೆ. ಎಲ್ಲೋ ಒಂದು ಸಂದಿ ಉಳಿದಿದೆ.”

“ಸಂದಿ ಅಲ್ಲ ಪಪ್ಪಾ. ಹವಾ ಹೋಗೋಕೆ ಜಾಗಾನೇ ಇಲ್ಲ. ನೀವು ಎಲ್ಲಾ ಬಂದ್ ಮಾಡ್ತಾ ಹೋದ್ರೆ ಅದು ಒಳಗೇ ತಿರುಗುತ್ತೆ ನಾ? ಸಿಂಪಲ್ ಬಾತ್ ಹೈ. ಕಿಟಕಿಗೆ ಒಂದು ಫ್ಯಾನ್ ಹಾಕಿ ಹೊರಗೆ ಬಿಡಿ.”

“ಹೊರಗೆ ಬಿಟ್ರೆ ಕೆಳಗಿನವರು?”

“ಅಚ್ಛಾ, ಕೆಳಗಿನವರು. ನಾವು ಯಾರೂ ಅಲ್ಲ” ಎಂದು ಅವಳು ನಗುತ್ತಾ ಹೋದಳು. ಅಡುಗೆಮನೆಯಿಂದ ಪ್ರಫುಲ್ಲಾ, ನೀರುದೋಸೆಯ ಹಿಟ್ಟು ಕಲಕುತ್ತಾ, “ಆ ಹುಡುಗಿ ಬರುವ ಮುಂಚೆ ಅದನ್ನು ಒಮ್ಮೆ ನಿಲ್ಸಿ ಮಾರಾಯ್ರೆ. ನಿನ್ನೆಯಿಂದ ಮನೆಯೆಲ್ಲ ಎಂಥದೋ ವಾಸನೆ. ಮರದ್ದು ಅಲ್ಲ ಇದು” ಎಂದಳು. ಅವನು ಮತ್ತೊಮ್ಮೆ ಮೇಜು ಒರೆಸಿದ. ಹಲಗೆ ಕೀರ್ತಿ ನಗರದ ಮರದ ಅಂಗಡಿಯದೆಂದು ಅವಳಿಗೆ ಹೇಳಿದ್ದ. ಅದು ಚನಿಯನ ಮಣೆ. ಹೋಟೆಲು ಬಿಡುವಾಗ ಗೋದಾಮಿನಲ್ಲಿ ಸಿಕ್ಕಿತ್ತು, ಹತ್ತೊಂಬತ್ತು ವರ್ಷ ಕೂತು ಕೂತು ನಡು ತಗ್ಗಾಗಿ ಕಪ್ಪಗೆ ಮಿರುಗುತ್ತಿದ್ದ ಮಣೆ. ಪ್ರಣೀತಾಳಿಗೆ ಕೇಂದ್ರ ಸರ್ಕಾರದ ಕ್ಲರ್ಕ್ ಕೆಲಸ ಸಿಕ್ಕಿ ಸರೋಜಿನಿ ನಗರದಲ್ಲೇ ಕ್ವಾರ್ಟರ್ಸ್ ಕೊಟ್ಟಿದ್ದಾರೆ ಎಂದು ಗೊತ್ತಾದಾಗ, ಅಪ್ಪನ ಫೋಟೋಕ್ಕೆ ಒಂದು ಚೌಕಟ್ಟು ಮಾಡಿಕೊಡುತ್ತೇನೆ ಎಂದು ಅವನೇ ಹೇಳಿದ. ಅವಳು ವಾಟ್ಸಾಪಿನಲ್ಲಿ ಫೋಟೋ ಕಳಿಸಿದಳು. ಹೋಟೆಲಿನ ಗುಂಪಿನ ಫೋಟೋದಿಂದ ಕತ್ತರಿಸಿದ್ದು. ಚನಿಯನ ಭುಜದ ಪಕ್ಕದಲ್ಲಿ ಒಂದು ಮೊಣಕೈ ಮಾತ್ರ ಉಳಿದಿತ್ತು. ಅದು ಮುರಳೀಧರನದೇ. ಆ ಹೊತ್ತಿಗೇ ಅವನಿಗೆ ಮಣೆ ಹೊಳೆದದ್ದು. ಅಪ್ಪ ಕೂತ ಮರದಲ್ಲೇ ಅಪ್ಪನ ಚೌಕಟ್ಟು ಎಂದು ಕೊನೆಗೆ ಹೇಳಿದರೆ ಅವಳ ಕಣ್ಣು ತುಂಬಿ ಬರಬಹುದು, ಕಿಟಕಿಯ ಮಾತನ್ನೂ ಅವಳು ಹೊಟ್ಟೆಗೆ ಹಾಕಿಕೊಳ್ಳಬಹುದು ಎಂಬ ಆಸೆ. ಆಸೆಗೆ ಮಾನ ಮರ್ಯಾದೆ ಇರುವುದಿಲ್ಲ.

ಒಂಬತ್ತೂವರೆಗೆ ಕೊನೆಯ ಸುತ್ತು ಶುರುಮಾಡಿ, ಬಾಗಿಲೆಳೆದು ಟವೆಲು ಒತ್ತಿ, ಹಾಲಿನ ಕಡೆಯಿಂದ ಗಾಜಿನಲ್ಲಿ ನೋಡುತ್ತಾ ನಿಂತ. ಮೊದಲ ದಿನ ಮೂತಿ ಮಣೆಯ ಕಪ್ಪು ಹೊರಮೈಯನ್ನು ಕೆರೆದಾಗ ಬಂದ ಹುಡಿ ಹಳದಿಯಾಗಿರಲಿಲ್ಲ, ಕೆಂಪಗಿತ್ತು. ಬಿರುಕುಗಳಲ್ಲಿ, ಗಂಟುಗಳಲ್ಲಿ ಇಳಿದು ಕೂತಿದ್ದ ಮೆಣಸು, ಕೊತ್ತಂಬರಿ, ಮೆಂತೆ ಎಲ್ಲ ಎದ್ದು ಬಂದು ಅವನು ಹನ್ನೊಂದು ಸಲ ಸೀನಿದ್ದ. ಮರ ಇಷ್ಟನ್ನು ಇಟ್ಟುಕೊಂಡಿದ್ದರೆ ಮನುಷ್ಯನ ಎದೆ ಎಷ್ಟು ಇಟ್ಟುಕೊಂಡಿರಬಹುದು. ಈಗ ಬಕೆಟ್ಟಿನ ಮುಚ್ಚಳದೊಳಗೆ ಹುಡಿ ಸುತ್ತುತ್ತಿತ್ತು, ಮೋಟರಿನ ಸದ್ದಿನ ಅಡಿಯಲ್ಲಿ ಇನ್ನೊಂದು ಸದ್ದು, ಒಣಗಿದ್ದು, ಎರಡೆರಡು ಸಲ ಬರುವಂಥದು. ಅದು ಕೊಳವೆಯ ತಿರುವಿನಲ್ಲಿ ಸಿಕ್ಕಿಕೊಂಡ ಮರದ ಚೂರು ಎಂದು ಅವನಿಗೆ ಗೊತ್ತು. ನಿನ್ನೆ ಕೊಳವೆ ಬಿಚ್ಚಿ ನೋಡಿದಾಗ ಚೂರೇನೂ ಇರಲಿಲ್ಲ ಎಂಬುದೂ ಗೊತ್ತು. ಊರಿನಲ್ಲಿ ದೀಪಾವಳಿಗೆ ಸತ್ತವರಿಗೆ ಬಡಿಸುವಾಗ, ಮಣೆ ಹಾಕಿ, ಎಲೆಯ ಮೇಲೆ ಅವರಿಗೆ ಇಷ್ಟವಾದದ್ದೆಲ್ಲ ಇಟ್ಟು, ಎಲ್ಲರೂ ಹೊರಗೆ ಬಂದು ಬಾಗಿಲೆಳೆದುಕೊಳ್ಳುತ್ತಿದ್ದರು. ಒಳಗೆ ಅವರು ಕೂತು ಉಣ್ಣುತ್ತಾರೆ. ಅಂಗಳದಲ್ಲಿ ಚಿಕ್ಕವರು ಪಿಸುಗುಟ್ಟಿದರೂ ಅಜ್ಜಿ ಕಣ್ಣು ಬಿಡುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಮನೆಯ ಹಿರಿಯ ಬಾಗಿಲ ಹತ್ತಿರ ನಿಂತು ಒಮ್ಮೆ ಕೆಮ್ಮಬೇಕು, ಒಳಗಿನವರು ಎದ್ದು ಹೋಗಲಿ, ನಮ್ಮ ಕಣ್ಣಿಗೆ ಬೀಳುವ ಮುಜುಗರ ಅವರಿಗೆ ಬೇಡ ಎಂದು. ಆಮೇಲೇ ತೆರೆಯುವುದು. ಹೋಟೆಲಿನ ಹುಡಿಯ ಕೋಣೆಯ ಬಾಗಿಲಲ್ಲಿ ನಿಂತು ಅವನು ಎಂದೂ ಕೆಮ್ಮಿರಲಿಲ್ಲ. ಕಿಟಕಿ ಮುಚ್ಚಿದ ಮೇಲೆ ಅವನು ಒಳಗೇ ಹೋಗಲಿಲ್ಲ, ಏನು ಬೇಕಿದ್ದರೂ ಹೊರಗಿನಿಂದಲೇ ಕೂಗುತ್ತಿದ್ದ. ಚನಿಯ ಹುಬ್ಬು ರೆಪ್ಪೆಯೆಲ್ಲ ಕೆಂಪಾಗಿ ಹೊರಗೆ ಬಂದು “ಏನು ಧಣಿಗಳೇ” ಎನ್ನುತ್ತಿದ್ದ. ಕಿಟಕಿ ತೆಗೆಸಿ ಎಂದು ಎಂಟು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ತೆಗೆಸುತ್ತಿದ್ದೆ ಎಂದು ಮುರಳೀಧರ ಹಲವು ಸಲ ಅಂದುಕೊಂಡಿದ್ದ, ಹೊಡೆದವನು ನಾನೇ, ಕೀಳುವುದೇನು ಕಷ್ಟ. ಮೆಷೀನು ನಿಂತಿತು. ಒಳಗೆ ಹೋಗಲು ಹಿಡಿಕೆಗೆ ಕೈ ಹಾಕಿದವನು, ತನಗೇ ಗೊತ್ತಿಲ್ಲದೆ ಒಮ್ಮೆ ಕೆಮ್ಮಿದ.

ಪ್ರಣೀತಾ ಹೇಳಿದ ಹೊತ್ತಿಗೆ ಬಂದಳು. ಮೆಟ್ರೋ ಇಳಿದು ಆಟೋ ಹಿಡಿದೆ ಎಂದು ಮಾಸ್ಕು ತೆಗೆದು ಪರ್ಸಿನೊಳಗೆ ಮಡಚಿಟ್ಟಳು. ಇಪ್ಪತ್ತೆಂಟು ವರ್ಷದ, ಗಿಡ್ಡನೆಯ ಹುಡುಗಿ, ಹುಬ್ಬು ಚನಿಯನದೇ. ಪ್ರಫುಲ್ಲಾ ದೋಸೆ ಹಾಕಿಕೊಟ್ಟಳು, ಅಮ್ಮ ಹೇಗಿದ್ದಾರೆ ಎಂದು ಕೇಳಿದಳು. ಅಮ್ಮ ಹಬ್ಬಕ್ಕೆಂದು ಊರಿಂದ ಬಂದಿದ್ದಾರೆ, ಚಳಿಗೆ ಎರಡು ಸ್ವೆಟರು ಒಟ್ಟಿಗೆ ಹಾಕಿಕೊಳ್ಳುತ್ತಾರೆ ಎಂದು ಅವಳು ನಗಿಸಿದಳು. ಆಮೇಲೆ ಮುರಳೀಧರ ಅವಳನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ, ಹಾಲಿನಲ್ಲಿದ್ದವರಿಗೆ ಕೇಳಿಸಬಾರದೆಂದು ಬಾಗಿಲು ಮುಂದೆ ಮಾಡಿದ. ಪೆಟ್ಟಿಗೆಯಿಂದ ಚೌಕಟ್ಟು ತೆಗೆದು ಒರೆಸಿ ಅವಳ ಕೈಗಿಟ್ಟ. ಸುತ್ತ ಬಳ್ಳಿ, ಕೆಳಗೆ ಚನಿಯನ ಹೆಸರು. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿ, ಇದ್ದಕ್ಕಿದ್ದ ಹಾಗೆ ಮೂಗಿಗೆ ಒತ್ತಿಕೊಂಡಳು.

“ಅಪ್ಪ ರಜೆಗೆ ಬಂದು ಪೆಟ್ಟಿಗೆ ತೆಗೆದ್ರೆ ಹೀಗೇ ವಾಸನೆ ಬರ್ತಿತ್ತು ಅಂಕಲ್” ಎಂದಳು. “ನಿಮ್ಮ ಮನೆಯಲ್ಲೂ ಅದೇ ಹುಡಿಯಾ?”

ಈಗಲೇ ಹೇಳಬೇಕು ಅನ್ನಿಸಿತು. “ಪ್ರಣೀತಾ, ಒಂದು ಮಾತು. ನಿನ್ನ ಅಪ್ಪ ಕೂರ್ತಿದ್ದ ಕೋಣೆಗೆ ಒಂದು ಕಿಟಕಿ ಇತ್ತು. ಅದು ಇದ್ದಿದ್ರೆ ಅವನಿಗೆ... ಆ ಕಿಟಕಿಗೆ ಮೊಳೆ ಹೊಡೆದದ್ದು ನಾನು.” ಹೇಳಿಬಿಟ್ಟ. ನಾಲ್ಕು ವರ್ಷದ ವಾಕ್ಯ, ಒಂದಕ್ಷರವೂ ತಪ್ಪಲಿಲ್ಲ. ಎದೆ ಹಗುರಾಗುವುದಕ್ಕೆ ಕಾಯುತ್ತಾ ನಿಂತ.

“ಇಲ್ಲ ಅಂಕಲ್” ಎಂದಳು ಅವಳು, ದೊಡ್ಡವರ ಮರೆವನ್ನು ತಿದ್ದುವ ಹಾಗೆ, ನಗುತ್ತಲೇ. “ಹೊಡೆದದ್ದು ಅಪ್ಪ. ನೀವು ಕೆಳಗೆ ನಿಂತು ಹೇಳ್ತಾ ಇದ್ರಂತೆ. ಈ ಕತೆ ಅಪ್ಪ ಎಷ್ಟು ಸಲ ಹೇಳಿದಾರೆ! ಎಣ್ಣೆ ಡಬ್ಬದ ಮೇಲೆ ಮಣೆ ಇಟ್ಟು, ಅದರ ಮೇಲೆ ಹತ್ತಿ ನಿಂತು ಹೊಡೆದ್ರಂತೆ. ಒಂದು ಮೊಳೆ ಸೊಟ್ಟ ಆಯ್ತಂತೆ. ಅದಕ್ಕೆ ನೀವು...” ಅವಳು ಗಂಟಲು ಸರಿಮಾಡಿಕೊಂಡು, ಗದ್ದ ಎತ್ತಿ, ದಪ್ಪ ಸ್ವರ ತೆಗೆದಳು: “‘ಒಂದು ಮೊಳೆ ನೆಟ್ಟಗೆ ಹೊಡೀಲಿಕ್ಕೂ ಬರುದಿಲ್ವನಾ ನಿಂಗೆ?’ ಅಂತ. ಮನೇಲಿ ನಾನು ಏನು ತಪ್ಪು ಮಾಡಿದ್ರೂ ಅಪ್ಪ ಹೀಗೇ ಹೇಳಿ ನಗಿಸ್ತಿದ್ರು.”

ಅದು ಅವನ ಸ್ವರ. ಹನ್ನೆರಡು ಹದಿಮೂರು ವರ್ಷದ ಹಿಂದಿನ, ಕೌಂಟರಿನ ಹಿಂದೆ ಕೂತವನ ಸ್ವರ, ಸತ್ತವನು ಕಲಿತುಕೊಂಡು ಹೋಗಿ ಮಗಳ ಬಾಯಲ್ಲಿ ಇಟ್ಟದ್ದು. ಕತ್ತೆತ್ತಿ ನೋಡುತ್ತಿದ್ದೆ. ಕತ್ತೆತ್ತಿ ನೋಡುವವನ ಕೈಯಲ್ಲಿ ಸುತ್ತಿಗೆ ಎಲ್ಲಿಂದ ಬರಬೇಕು? ಅವನ ಬಲಗೈ ತಾನಾಗಿ ಬಿಚ್ಚಿಕೊಂಡಿತು. ಮೇಲೆ ಎರಡು ಒಡೆದ ಹಿಮ್ಮಡಿಗಳು ಕಂಡವು, ಹಲಸಿನ ಮಣೆಯ ಮೇಲೆ ತುದಿಗಾಲಲ್ಲಿ, ಡಬ್ಬ ಅಲ್ಲಾಡುತ್ತಿತ್ತು, ಅವನು ಅದನ್ನು ಹಿಡಿದುಕೊಂಡಿರಲೂ ಇಲ್ಲ. ತನ್ನ ಗಾಳಿಯ ಕಿಂಡಿಯನ್ನು ತಾನೇ ಮುಚ್ಚಿಕೊಳ್ಳುತ್ತಿದ್ದವನಿಗೆ ಅವನು ಬೈದಿದ್ದು ಮೊಳೆ ಸೊಟ್ಟಗಾಯಿತೆಂದು. ನಾಲ್ಕು ವರ್ಷ ಅವನು ಹೊತ್ತುಕೊಂಡಿದ್ದ ಪಾಪ ತನಗೆ ಬೇಕಾದ ಅಳತೆಗೆ ಕೆತ್ತಿಕೊಂಡದ್ದಾಗಿತ್ತು.

“ನಾನು ಆ ಮಣೆಗೇ ಬಂದೆ ಅಂಕಲ್” ಎಂದಳು ಪ್ರಣೀತಾ. “ಫೋನಲ್ಲಿ ಕೇಳೋದು ಬೇಡ ಅಂತ ಅಮ್ಮ ಹೇಳಿದ್ರು. ಪ್ರತಿ ವರ್ಷ ಅಪ್ಪನಿಗೆ ಬಡಿಸುವಾಗ ಅಮ್ಮಂದು ಒಂದೇ ಮಾತು, ‘ಅವರಿಗೆ ಕೂರಲಿಕ್ಕೆ ಮಣೆ ಇಲ್ಲ, ಬೇರೆಯವರ ಮಣೆ ಮೇಲೆ ಅವರು ಕೂರೋದಿಲ್ಲ’ ಅಂತ. ಈ ಸಲ ಇಲ್ಲೇ ಕ್ವಾರ್ಟರ್ಸಲ್ಲಿ ಬಡಿಸ್ತೇವೆ. ಹೋಟೆಲ್ ಸಾಮಾನಲ್ಲಿ ಎಲ್ಲಾದ್ರೂ ಇದೆಯಾ ಅದು?”

ಇಲ್ಲ ಎಂದುಬಿಡಬಹುದಿತ್ತು. ಕೀರ್ತಿ ನಗರ ಎಂಬ ಹೆಸರು ಬಾಯಿಯ ಅಂಚಿನವರೆಗೂ ಬಂದಿತ್ತು. ಅವನು ಅವಳ ಕೈಯಲ್ಲಿದ್ದ ಚೌಕಟ್ಟನ್ನು ತೋರಿಸಿದ. “ಇದೇ ಅದು” ಎಂದ. “ನಿನಗೆ ಖುಷಿಯಾಗ್ತದೆ ಅಂತ...”

ಅವಳು ಚೌಕಟ್ಟಿನ ನಡುವಿನ ಖಾಲಿ ಜಾಗಕ್ಕೆ ಅಂಗೈ ಹಾಕಿ ನೋಡಿದಳು. ಅಪ್ಪ ಕೂರುತ್ತಿದ್ದ ತಗ್ಗು ಅಲ್ಲೇ ಇದ್ದದ್ದು, ಮೂತಿ ಅದನ್ನು ಪೂರ್ತಿ ಹುಡಿಮಾಡಿತ್ತು. ಬೈಯುತ್ತಾಳೆ, ಅಳುತ್ತಾಳೆ ಎಂದು ಅವನು ಕಾದ. ಅವಳು ಬಳ್ಳಿಯ ಮೇಲೆ ಹೆಬ್ಬೆರಳು ಆಡಿಸಿ, ಬಹಳ ಮೆತ್ತಗೆ, “ಉಳಿದದ್ದು?” ಎಂದಳು.

ಅವನು ಬಕೆಟ್ಟಿನ ಕಡೆ ನೋಡಿದ.

“ಅದನ್ನೂ ಕೊಡಿ. ಅಮ್ಮ ಒಂದು ಬಟ್ಟೆಯಲ್ಲಿ ಕಟ್ಟಿ ಮಣೆಯ ಹಾಗೆ ಮಾಡ್ತಾರೆ. ಕೂರಲಿಕ್ಕೆ ಏನಾದ್ರೂ ಬೇಕಲ್ಲ.”

ಹೋಟೆಲಿನ ಹೆಸರಿದ್ದ ಹಳೆಯ ಬಟ್ಟೆಚೀಲವೊಂದು ಅಲ್ಲೇ ಗೂಟದಲ್ಲಿತ್ತು. ಅವಳು ಬಾಯಿ ಅಗಲಿಸಿ ಹಿಡಿದಳು, ಅವನು ಮುಚ್ಚಳ ತೆಗೆದು ಬಕೆಟ್ಟು ಬಗ್ಗಿಸಿದ. ಒಂದು ತಿಂಗಳಿನಿಂದ ಒಂದು ಕಣವನ್ನೂ ಎದ್ದೇಳಲು ಬಿಡಬಾರದೆಂದು ಅವನು ಪಟ್ಟ ಪಾಡೆಲ್ಲ ಆ ಒಂದು ಗಳಿಗೆಯಲ್ಲಿ ಹುಡಿಯಾಗಿ ಎದ್ದಿತು. ಹಳದಿ, ಅದರೊಳಗೆ ಕೆಂಪು, ಸೊಂಟದವರೆಗೆ, ಮುಖದವರೆಗೆ, ಗಾಜಿನ ಆಚೆ ಪ್ರಫುಲ್ಲಾ ಕಾಣದಷ್ಟು. ಪ್ರಣೀತಾ ಚೀಲ ಬಿಡಲಿಲ್ಲ. ಮುಖ ತಿರುಗಿಸಿ ಕೆಮ್ಮಿದಳು, ಒಣಕೆಮ್ಮು, ಎರಡೆರಡು ಸಲ. ಹೋಟೆಲಿನ ಹುಡಿಯ ಕೋಣೆಯಿಂದ ಅವನಿಗೆ ಕೇಳಿಸುತ್ತಿದ್ದ ಕೆಮ್ಮು.

“ಸ್ವಲ್ಪ ಕಿಟಕಿ ತೆಗೀರಿ ಅಂಕಲ್” ಎಂದಳು.

ಅವನು ಬಕೆಟ್ಟು ಬಿಟ್ಟು ಕಿಟಕಿಗೆ ಕೈ ಹಾಕಿ ಎಳೆದ. ಅದು ಅಲ್ಲಾಡಲಿಲ್ಲ. ಉಗುರಿನಿಂದ ಸಿಲಿಕಾನ್ ಕಿತ್ತ, ಟೇಪು ಹರಿದ, ಮತ್ತೆ ಎಳೆದ. ಹಿಂದಿನಿಂದ ಹಾಲಿನ ಬಾಗಿಲು ತೆರೆದು ನಿರೀಕ್ಷಾ ಏನೋ ಕೂಗಿದಳು, ಪ್ರಣೀತಾ ಚೀಲವನ್ನು ಎದೆಗೊತ್ತಿಕೊಂಡು ಕೆಮ್ಮುತ್ತಲೇ ಇದ್ದಳು. ಸ್ಕ್ರೂಡ್ರೈವರ್ ಎಲ್ಲಿಟ್ಟೆ, ಎಲ್ಲಿಟ್ಟೆ ಎಂದು ಅವನು ಹುಡಿಯಲ್ಲಿ ಎರಡೂ ಕೈಯಿಂದ ತಡಕಾಡಿದ. ಹದಿನಾರು ಸ್ಕ್ರೂಗಳೂ ಅವನ ಕಣ್ಣೆದುರೇ ಇದ್ದವು, ಅವನೇ ಕೈಯಾರೆ ತಿರುಗಿಸಿದ್ದು. ಒಂದೂ ಸೊಟ್ಟಗಿರಲಿಲ್ಲ.